ಸಂಬಳ ಬಿಟ್ಟು ಸ್ವಂತ ವೃತ್ತಿಗೆ ಬಂದ ಮೇಲೆ ನನ್ನ ತೆರಿಗೆ ಲೆಕ್ಕ

ಕಂಪನಿಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದಷ್ಟು ಕಾಲ ಆದಾಯ ತೆರಿಗೆ ಎಂದರೆ ನನಗೆ ಅಕೌಂಟ್ಸ್ ವಿಭಾಗ ಕೇಳುವ ಬಾಡಿಗೆ ರಸೀದಿ, ವಿಮೆಯ ಚೀಟಿ, ಆಮೇಲೆ ಕೈಗೆ ಬರುವ ಫಾರ್ಮ್ 16 (ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ). ಸಂಬಳದಲ್ಲಿ ಟಿಡಿಎಸ್ (ಹಣ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕಂಪನಿಯದು. ಬ್ಯಾಂಕ್ ಬಡ್ಡಿಯಂಥ ಬೇರೆ ಆದಾಯವಿದ್ದರೆ ಸೇರಿಸಿ ರಿಟರ್ನ್ ಸಲ್ಲಿಸುವುದಷ್ಟೇ ನನ್ನ ಪಾಲಿನದು. ಸ್ವಂತವಾಗಿ ಡಿಸೈನ್ ಮಾಡಿಕೊಡಲು ಶುರು ಮಾಡಿದಾಗ ಇಡೀ ಲೆಕ್ಕ ನನ್ನ ಮೇಜಿಗೆ ಬಂತು.

ಮೊದಲು ಮಾಡಿದ ಕೆಲಸ, ತೆರಿಗೆಗೆಂದೇ ಇನ್ನೊಂದು ಉಳಿತಾಯ ಖಾತೆ ತೆರೆದದ್ದು. ಬಿಲ್ಡರ್ ಕಂಪನಿಗಳು ನನ್ನ ಫೀಸಿನಲ್ಲಿ ಶೇ 10ರಷ್ಟು ಟಿಡಿಎಸ್ ಹಿಡಿದೇ ಕೊಡುತ್ತವೆ. ತಮ್ಮ ಮನೆ ಕಟ್ಟಿಸಿಕೊಳ್ಳುವವರು ಸಾಮಾನ್ಯವಾಗಿ ಏನೂ ಹಿಡಿಯುವುದಿಲ್ಲ, ಪೂರ್ತಿ ಹಣ ಬರುತ್ತದೆ. ಎಚ್ಚರ ಬೇಕಾದದ್ದು ಈ ಎರಡನೆಯದರಲ್ಲೇ. ಹೀಗೆ ಬಂದ ಪ್ರತಿ ಫೀಸಿನಿಂದ ಒಂದು ಪಾಲನ್ನು ಅದೇ ದಿನ ಆ ಖಾತೆಗೆ ಹಾಕುತ್ತೇನೆ. ವರ್ಷದ ಕೊನೆಗೆ ನೋಡಿಕೊಳ್ಳೋಣ ಎಂದರೆ ಆ ಹಣ ನಮ್ಮದೇ ಅನ್ನಿಸಿಬಿಡುತ್ತದೆ.

ಆದಾಯವನ್ನು ನಾನು 44ಎಡಿಎ ಸೆಕ್ಷನ್ ಪ್ರಕಾರ ತೋರಿಸುತ್ತೇನೆ. (ಈ ಸಂಖ್ಯೆ 1961ರ ಕಾಯ್ದೆಯದು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ.) ಎಂಜಿನಿಯರ್, ವೈದ್ಯ, ವಕೀಲ, ಆರ್ಕಿಟೆಕ್ಟ್ ಮೊದಲಾದ ಗೊತ್ತುಪಡಿಸಿದ ವೃತ್ತಿಗಳಿಗೆ ಮಾತ್ರ ಇದು ಸಿಗುತ್ತದೆ. ವರ್ಷದಲ್ಲಿ ಬಂದ ಒಟ್ಟು ಫೀಸು 50 ಲಕ್ಷ ದಾಟಬಾರದು. ನಗದಿನಲ್ಲಿ ಬಂದದ್ದು ಶೇ 5ರೊಳಗಿದ್ದರೆ ಮಿತಿ 75 ಲಕ್ಷ. ಬಂದ ಫೀಸಿನ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು, ಖರ್ಚಿನ ಪುಸ್ತಕ ಇಡಬೇಕಾಗಿಲ್ಲ. ಒಬ್ಬನೇ ಕೂತು ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ನಾನು ಕಂಡಿಲ್ಲ. ಸಂಬಳದವರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಿಂದ ನೇರವಾಗಿ ಕಳೆಯುವ ಮೊತ್ತ, ನಮಗಿಲ್ಲ, ನಿಜ. ಆದರೂ ಒಂದು ಲೆಕ್ಕ ನೋಡಿ: 2025-26ರಲ್ಲಿ 20 ಲಕ್ಷ ಫೀಸು ಬಂದು, ಬೇರೆ ಆದಾಯವಿಲ್ಲದಿದ್ದರೆ, ತೋರಿಸುವ ಆದಾಯ 10 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮಾಫಿ) ಇರುವುದರಿಂದ ತೆರಿಗೆ ಸೊನ್ನೆ. ಎಲ್ಲ ಬಿಲ್ಲಿನಲ್ಲೂ ಟಿಡಿಎಸ್ ಹಿಡಿದಿದ್ದರೆ ಆ 2 ಲಕ್ಷ ಪೂರ್ತಿ ರೀಫಂಡ್.

ಆದರೆ ಆ ರೀಫಂಡ್ ಬರಬೇಕಾದರೆ ಹಿಡಿದವರು ಅದನ್ನು ನಮ್ಮ ಪ್ಯಾನ್‌ಗೆ ಕಟ್ಟಿರಬೇಕು. ಮೂರು ತಿಂಗಳಿಗೊಮ್ಮೆ ನನ್ನ ಬಿಲ್ಲುಗಳನ್ನು ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯ (1961ರ ಕಾಯ್ದೆಯಲ್ಲಿ 26ಎಎಸ್) ಜೊತೆ ತಾಳೆ ನೋಡುವುದು ಇದಕ್ಕಾಗಿಯೇ. ಒಬ್ಬ ಗ್ರಾಹಕರು ಹಿಡಿದ ಹಣ ಅಲ್ಲಿ ಕಾಣಲೇ ಇಲ್ಲ. ಬಿಲ್ ನಂಬರ್, ತಾರೀಖು ಬರೆದು ಅವರ ಅಕೌಂಟೆಂಟ್‌ಗೆ ಮೇಲ್ ಮಾಡಿ ಬೆನ್ನು ಹತ್ತಿದೆ. ಅವರ ಟಿಡಿಎಸ್ ರಿಟರ್ನ್ ತಿದ್ದಿಸಿಕೊಂಡ ಮೇಲೆಯೇ ನನ್ನ ರಿಟರ್ನ್ ಸಲ್ಲಿಸಿದ್ದು.

ಟಿಡಿಎಸ್ ಕಳೆದೂ 10,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಉಳಿದರೆ ಮುಂಗಡ ತೆರಿಗೆ ಕಟ್ಟಬೇಕು. ಸಾಮಾನ್ಯವಾಗಿ ಇದಕ್ಕೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ನಾಲ್ಕು ಕಂತು. 44ಎಡಿಎಯವರಿಗೆ ಮಾರ್ಚ್ 15ರೊಳಗೆ ಒಂದೇ ಸಲ. ತಪ್ಪಿದರೆ ತಿಂಗಳಿಗೆ ಶೇ 1ರಂತೆ ಬಡ್ಡಿ. ನಾನು ಮಾರ್ಚ್ ಮೊದಲ ವಾರದಲ್ಲೇ ಆ ಖಾತೆಯಿಂದ ಕಟ್ಟಿ ಚಲನ್ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತನ್ನು ನೌಕರಿ ಬಿಡುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಸಂಬಳದವರು ಹಳೆಯ, ಹೊಸ ಪದ್ಧತಿಗಳಲ್ಲಿ ಯಾವುದು ಬೇಕೋ ಅದನ್ನು ಪ್ರತಿ ವರ್ಷ ಆರಿಸಿಕೊಳ್ಳಬಹುದು. ವೃತ್ತಿ ಆದಾಯ ಇರುವವರು ಒಮ್ಮೆ ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದರೆ, ಮರಳಿ ಬರಲು ಒಂದೇ ಅವಕಾಶ. ಬಂದ ಮೇಲೆ ವೃತ್ತಿ ಆದಾಯ ಇರುವವರೆಗೆ ಹಳೆಯದು ಮತ್ತೆ ಸಿಗುವುದಿಲ್ಲ. ಗೃಹಸಾಲದ ಬಡ್ಡಿಗೆ ಸಿಗುವ ವಿನಾಯಿತಿಯ ಆಸೆಗೆ ಹಳೆಯದನ್ನು ಆರಿಸುವ ಮುನ್ನ ಆ ಸಾಲ ಇನ್ನೆಷ್ಟು ವರ್ಷ ಇದೆ ಎಂದು ನೋಡಿ, ಅಷ್ಟೂ ವರ್ಷದ ಲೆಕ್ಕ ಹಾಕಿ.