ಅಮೆರಿಕದಲ್ಲಿ ಮೆಡಿಕಲ್‌ಗೆ ಮುಂಚಿನ ಬಿಡುವಿನ ವರ್ಷ: ತುಮಕೂರು ಕಡೆಯ ಮನೆಗಳಿಗೆ ಒಂದಿಷ್ಟು ಮಾಹಿತಿ

ಡಿಗ್ರಿ ಮುಗಿಸಿದ ಮಗಳು ಇನ್ನೂ ಮೆಡಿಕಲ್ ಸೇರಿಲ್ಲ ಅಂತ ಗೊತ್ತಾದರೆ ತುಮಕೂರಿನಿಂದ ಫೋನಿನಲ್ಲಿ ಬರುವ ಮೊದಲ ಪ್ರಶ್ನೆ, "ಯಾಕಮ್ಮಾ, ಲಾಂಗ್ ಟರ್ಮ್ ತಗೊಂಡಿದ್ದಾಳಾ?" ಕೇಳುವ ಅಜ್ಜಿಯದೋ ಸೋದರಮಾವನದೋ ತಪ್ಪಲ್ಲ. ನಮ್ಮ ಕಡೆ ಒಂದು ವರ್ಷ ಬಿಡುವುದು ಅಂದರೆ ನೀಟ್‌ಗೆ ಮತ್ತೆ ಕೂರುವುದು. ರ‍್ಯಾಂಕ್ ಬಂದರೆ ಸೀಟು, ಬರದಿದ್ದರೆ ಇಲ್ಲ. ಕಷ್ಟ ಏನೆಂದರೆ, ಅಮೆರಿಕದಲ್ಲೇ ಇರುವ ಅಪ್ಪ-ಅಮ್ಮಂದಿರೂ ಎಷ್ಟೋ ಸಲ ಇದೇ ಲೆಕ್ಕ ಹಾಕುತ್ತಾರೆ. ಮಗಳನ್ನು ವರ್ಷವಿಡೀ ಪುಸ್ತಕದ ಮುಂದೆ ಕೂರಿಸುತ್ತಾರೆ. ಇಲ್ಲಿ ಅಮೆರಿಕದಲ್ಲಿ ಆ ವರ್ಷಕ್ಕೆ ಬೆಲೆ ಬರುವುದು ಅವಳು ರೋಗಿಗಳ ಜೊತೆ ಕಳೆದಾಗ.

ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್, ಅದರ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತರಬೇತಿ. ಡಿಗ್ರಿಗೂ ಮೆಡಿಕಲ್‌ಗೂ ಮಧ್ಯೆ ಒಂದೆರಡು ವರ್ಷ ಬಿಡುವವರೇ ಈಗ ಜಾಸ್ತಿ. ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೆ ಬಿಟ್ಟು ಬಂದವರೇ. ಹಾಗಾಗಿ ನೆಂಟರ ಮುಂದೆ ಮುಚ್ಚಿಡುವಂಥದ್ದು ಏನೂ ಇಲ್ಲ.

ಆದರೆ ಕ್ಯಾಲೆಂಡರ್ ಮೊದಲು ಸರಿಯಾಗಿ ತಿಳಿದುಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ. ಇಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಹಾಗೆ ಡಾಕ್ಟರ್ ಆಗುವ ಮೊದಲ ಡಿಗ್ರಿ. ಎಂಡಿ ಕಾಲೇಜುಗಳಿಗೆ ಹೋಗುವ ಅರ್ಜಿಗೆ ಆಮ್ಕಾಸ್ ಅಂತಾರೆ. (ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಿಗೆ ಬೇರೆ ಅರ್ಜಿ.) ಅದು ಮೇನಲ್ಲಿ ತೆರೆಯುತ್ತದೆ. ಮೇ ಕೊನೆ ಅಥವಾ ಜೂನ್ ಮೊದಲ ವಾರದಿಂದ ಸಲ್ಲಿಸಬಹುದು. ಕ್ಲಾಸು ಶುರುವಾಗುವುದು ಮರುವರ್ಷದ ಜುಲೈ-ಆಗಸ್ಟಿಗೆ. ಅಂದರೆ 2027ರ ಮೇನಲ್ಲಿ ಡಿಗ್ರಿ ಮುಗಿಸಿ, ಒಂದೇ ವರ್ಷ ಬಿಟ್ಟು 2028ರ ಆಗಸ್ಟಿಗೆ ಸೇರಬೇಕು ಅಂದರೆ 2027ರ ಜೂನ್‌ನಲ್ಲೇ ಅರ್ಜಿ ಹೋಗಿರಬೇಕು. ಬಿಡುವಿನ ವರ್ಷದಲ್ಲಿ ಮಾಡುವುದೆಲ್ಲ ಅರ್ಜಿ ಹೋದ ಮೇಲಿನ ಮಾತಾಯಿತು. "ಮುಂದೆ ಇಷ್ಟು ಗಂಟೆ ಮಾಡುತ್ತೇನೆ" ಅಂತ ಬರೆಯಲು ಫಾರ್ಮಿನಲ್ಲಿ ಜಾಗ ಇದೆ. ಕೆಲವು ಕಾಲೇಜುಗಳು ಆಮೇಲೆ ಅಪ್‌ಡೇಟ್ ಪತ್ರವನ್ನೂ ತೆಗೆದುಕೊಳ್ಳುತ್ತವೆ. ಆದರೂ ಮಾಡಿದ್ದಕ್ಕೂ ಮಾಡುತ್ತೇನೆ ಅನ್ನುವುದಕ್ಕೂ ತೂಕ ಒಂದೇ ಅಲ್ಲ, ಅಲ್ವಾ?

ಅದಕ್ಕೇ ನನ್ನ ಸಲಹೆ ಇಷ್ಟು. ಅರ್ಜಿ ಗಟ್ಟಿಯಾಗಿಯೇ ಇದ್ದರೆ ಒಂದು ವರ್ಷ ಸಾಕು. ರೋಗಿಗಳ ಜೊತೆ ಕೆಲಸ ಮಾಡಿದ ಅನುಭವ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವ ಹಾಗಿದ್ದರೆ ಎರಡು ವರ್ಷ ಬಿಡಿ. ಮೊದಲ ವರ್ಷ ಕೆಲಸ, ಎರಡನೇ ವರ್ಷ ಅರ್ಜಿ ಮತ್ತು ಇಂಟರ್‌ವ್ಯೂ. ಅರೆಬರೆ ಅರ್ಜಿ ಹಾಕಿ, ಸಾವಿರಾರು ಡಾಲರ್ ಕಳೆದು, ಮತ್ತೆ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. ಕಡೇ ದಿನಾಂಕ ಇನ್ನೂ ದೂರ ಇದೆಯಲ್ಲ ಅಂತ ಕೂರುವುದೂ ಬೇಡ. ಅರ್ಜಿ ಬಂದ ಹಾಗೆಲ್ಲ ನೋಡಿ ಇಂಟರ್‌ವ್ಯೂಗೆ ಕರೆಯುತ್ತಾ ಹೋಗುತ್ತಾರೆ. ತಡ ಮಾಡಿದಷ್ಟೂ ಉಳಿದ ಸೀಟು ಕಮ್ಮಿ.

ಹಾಗಾದರೆ ಅಂಕ ಬೇಡವಾ ಅಂದರೆ ಖಂಡಿತ ಬೇಕು. ಮೆಡಿಕಲ್ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯ ಅಂಕ 472ರಿಂದ 528ರವರೆಗೆ. ಎಂಡಿ ಸೇರಿದವರ ಸರಾಸರಿ 511-512ರ ಆಸುಪಾಸು, ಜಿಪಿಎ (ಡಿಗ್ರಿಯ ಗ್ರೇಡುಗಳ ಸರಾಸರಿ, 4ಕ್ಕೆ) 3.8ರ ಹತ್ತಿರ. ಪರೀಕ್ಷೆಯನ್ನು ಒಂದು ವರ್ಷದಲ್ಲಿ 3 ಸಲ, ಎರಡು ವರ್ಷದಲ್ಲಿ 4 ಸಲ, ಜೀವಮಾನದಲ್ಲಿ 7 ಸಲ ಮಾತ್ರ ಬರೆಯಬಹುದು. ನೀಟ್ ಹಾಗೆ "ಒಂದು ಸಲ ಬರೆದು ನೋಡೋಣ" ಅನ್ನುವಂತಿಲ್ಲ, ಬರೆದ ಅಂಕವೆಲ್ಲ ಕಾಲೇಜುಗಳಿಗೆ ಕಾಣುತ್ತದೆ. ಜಿಪಿಎ ಕಮ್ಮಿ ಇದ್ದರೆ ಡಿಗ್ರಿ ಆದಮೇಲೂ ಪೋಸ್ಟ್‌ಬ್ಯಾಕ್ ಅಂತ ಸೈನ್ಸ್ ಕೋರ್ಸುಗಳನ್ನು ತೆಗೆದುಕೊಂಡು ಎತ್ತಬಹುದು. ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಆದರೆ ಇತ್ತೀಚೆಗೆ ಚೆನ್ನಾಗಿ ಓದಿದ್ದಾಳೆ ಅನ್ನುವುದು ಕಾಣುತ್ತದೆ.

ಅಂಕ ಒಳ್ಳೆಯದಿದ್ದೂ ಸೀಟು ಸಿಗದ ಮಕ್ಕಳು ಇಲ್ಲಿ ಬಹಳ. ಬೇಕಾದದ್ದು ಏನು ಅಂದರೆ, ಕಾಯಿಲೆ ಬಿದ್ದವರ ಹತ್ತಿರ ತಿಂಗಳುಗಟ್ಟಲೆ ನಿಂತು ಕೆಲಸ ಮಾಡಿದ್ದು. ಮೆಡಿಕಲ್ ಸ್ಕ್ರೈಬ್ ಆದರೆ ಡಾಕ್ಟರ ಹಿಂದೆ ಲ್ಯಾಪ್‌ಟಾಪ್ ಹಿಡಿದು ರೂಮಿಂದ ರೂಮಿಗೆ ಹೋಗಬೇಕು. ರೋಗಿ ಹೇಳಿದ್ದು, ಡಾಕ್ಟರ್ ನೋಡಿದ್ದು ಎಲ್ಲ ಅಲ್ಲೇ ಟೈಪ್ ಮಾಡಬೇಕು. ಸಂಬಳ ಕಮ್ಮಿ, ಕಲಿಯುವುದು ಬಹಳ. ಇಎಂಟಿ ಕೋರ್ಸ್ ಮಾಡಿ ಆಂಬ್ಯುಲೆನ್ಸ್ ಹತ್ತಬಹುದು. ಮೆಡಿಕಲ್ ಅಸಿಸ್ಟೆಂಟ್ ಆಗಬಹುದು. ಹಾಸ್ಪೈಸ್‌ನಲ್ಲಿ ವಾಲಂಟಿಯರ್ ಆಗಿ ಕೊನೆಗಾಲದಲ್ಲಿರುವವರ ಪಕ್ಕ ಕೂರಬಹುದು.

ನರ್ಸಿಂಗ್ ಅಸಿಸ್ಟೆಂಟ್ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಾಸಿಗೆ ಹಿಡಿದ ಮುದುಕರನ್ನು ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು, ಇದೇ ಆ ಕೆಲಸ. ನಮ್ಮ ಮನೆಗಳಲ್ಲಿ ತಕ್ಷಣ ಬರುವ ಮಾತು, "ಡಾಕ್ಟರ್ ಆಗೋಳು ಇದನ್ನ ಮಾಡಬೇಕಾ?" ಮಾಡಲಿ ಬಿಡಿ. ರಾತ್ರಿ ಪಾಳಿಯಲ್ಲಿ ನೋವಿನಿಂದ ನರಳುವವರನ್ನು ಸಮಾಧಾನ ಮಾಡಿ ಮಲಗಿಸಿದ ಹುಡುಗಿಗೆ, ಡಾಕ್ಟರಿಕೆ ತನಗೆ ಬೇಕೋ ಬೇಡವೋ ಅನ್ನುವುದು ನಿಜವಾಗಿ ಗೊತ್ತಾಗುತ್ತದೆ. ಇಂಟರ್‌ವ್ಯೂನಲ್ಲಿ ಕೂತವರು ಕೇಳುವುದೂ ಅದನ್ನೇ. ವಾರಕ್ಕೆ ಹತ್ತು ಗಂಟೆಯಂತೆ ವರ್ಷವಿಡೀ ಮಾಡಿದ್ದು, ಬೇಸಿಗೆಯಲ್ಲಿ ಒಂದೇ ತಿಂಗಳು ಮಾಡಿ ಬಿಟ್ಟಿದ್ದಕ್ಕಿಂತ ಮೇಲು.

ಪ್ರೊಫೆಸರುಗಳ ಶಿಫಾರಸು ಪತ್ರ ಕಾಲೇಜು ಬಿಡುವ ಮುಂಚೆಯೇ ಕೇಳಿ. ಎರಡು ವರ್ಷ ಆದಮೇಲೆ ಮುಖವೇ ಮರೆತಿರುತ್ತಾರೆ.

ವೀಸಾ ವಿಷಯ ನಮ್ಮವರಿಗೆ ದೊಡ್ಡದು. ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗುವ ವೀಸಾ) ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಸ್ಕ್ರೈಬ್ ಕೆಲಸವೂ ಆಗುವುದಿಲ್ಲ, ಆಸ್ಪತ್ರೆಯ ವಾಲಂಟಿಯರ್ ಆಗಬಹುದು. 21 ತುಂಬಿದರೆ ಎಚ್-4 ಮುಗಿಯಿತು, ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಎಫ್-1ನಲ್ಲಿ ಡಿಗ್ರಿ ಮುಗಿಸಿದವರಿಗೆ ಓಪಿಟಿ, ಅಂದರೆ ಸ್ವಲ್ಪ ಕಾಲ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಆದರೆ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು, ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಎಂಡಿ ಕಾಲೇಜುಗಳು ಕಮ್ಮಿ. ಎಎಎಂಸಿ (ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ) ಹೊರತರುವ ಎಂಎಸ್‌ಎಆರ್ ಅನ್ನುವ ಕಾಲೇಜುಗಳ ಪಟ್ಟಿಯಲ್ಲಿ ಒಂದೊಂದು ಕಾಲೇಜಿನ ನಿಯಮವೂ ಇದೆ. ಅದನ್ನು ನೋಡಿಕೊಳ್ಳಿ.

ಡಿಓ (ಆಸ್ಟಿಯೋಪಥಿಕ್ ಮೆಡಿಸಿನ್, ಡಾಕ್ಟರ್ ಆಗಲು ಇಲ್ಲಿರುವ ಇನ್ನೊಂದು ಡಿಗ್ರಿ) ಕಾಲೇಜುಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. "ಎಂಡಿ ಅಲ್ಲದಿದ್ದರೆ ಊರಲ್ಲಿ ಏನಂತಾರೆ" ಅನ್ನುವ ಚಿಂತೆ ಬೇಡ. ಡಿಓ ಮಾಡಿದವರೂ ಅಮೆರಿಕದಲ್ಲಿ ಪೂರ್ಣ ಡಾಕ್ಟರುಗಳೇ, ಆಪರೇಷನ್ನೂ ಮಾಡುತ್ತಾರೆ. 2020ರಿಂದ ಇಬ್ಬರ ರೆಸಿಡೆನ್ಸಿಗೂ ಮಾನ್ಯತೆ ಒಂದೇ ವ್ಯವಸ್ಥೆಯಲ್ಲಿದೆ.

ಇನ್ನು ಊರಿಗೆ ಬರುವ ವಿಚಾರ. "ತುಮಕೂರಲ್ಲಿ ಚಿಕ್ಕಪ್ಪನ ನರ್ಸಿಂಗ್ ಹೋಮ್ ಇದೆ, ಎರಡು ತಿಂಗಳು ಕಳಿಸ್ತೀವಿ, ಎಕ್ಸ್‌ಪೀರಿಯನ್ಸ್ ಆಗುತ್ತೆ" ಅನ್ನುವವರು ಬಹಳ. ಕಳಿಸಿ, ಒಳ್ಳೆಯದೇ. ಆದರೆ ಚಿಕ್ಕಪ್ಪನಿಗೆ ಮೊದಲೇ ಹೇಳಿಬಿಡಿ, ಹುಡುಗಿ ನೋಡುತ್ತಾಳೆ, ಮುಟ್ಟುವುದಿಲ್ಲ. ಪ್ರೀತಿಯಿಂದಲೇ, "ಬಾರಮ್ಮ, ಈ ಇಂಜೆಕ್ಷನ್ ನೀನೇ ಕೊಡು" ಅನ್ನುತ್ತಾರೆ. ಹೊಲಿಗೆ ಹಾಕಿಸುವವರೂ ಇದ್ದಾರೆ. ಅದನ್ನು ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದರೆ ಅಲ್ಲೇ ಕೆಟ್ಟಿತು. ತರಬೇತಿ ಇಲ್ಲದವರು ಹೊರದೇಶದಲ್ಲಿ ರೋಗಿಗಳಿಗೆ ಚಿಕಿತ್ಸೆ ಮಾಡುವುದನ್ನು ಇಲ್ಲಿನ ಕಾಲೇಜುಗಳು ನೀತಿ ತಪ್ಪಿದ್ದು ಅಂತಲೇ ನೋಡುತ್ತವೆ. ಎಎಎಂಸಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಮತ್ತೆ, ನ್ಯಾಯವಾಗಿ ಯೋಚಿಸಿ. ಅಮೆರಿಕದ ರೋಗಿಯ ಮೇಲೆ ಮಾಡಬಾರದ್ದನ್ನು ಗುಬ್ಬಿಯಿಂದಲೋ ಶಿರಾದಿಂದಲೋ ಬಂದ ಬಡವರ ಮೇಲೆ ಯಾಕೆ ಮಾಡಬೇಕು?

ಮುಟ್ಟದೆಯೂ ಕಲಿಯುವುದು ಬೇಕಾದಷ್ಟಿದೆ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಕೀಲು ಬಿಗಿತ, ಬಗ್ಗದ ಬೆನ್ನು. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರ ಜೊತೆ ಒಂದು ಬೆಳಿಗ್ಗೆ ನಿಂತು ಮಾತಾಡಿದರೆ, ಘಟಕ ಕೆಟ್ಟ ದಿನ ಇವರು ಏನು ಕುಡಿಯುತ್ತಾರೆ ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ. ಆಶಾ ಕಾರ್ಯಕರ್ತೆ ಒಪ್ಪಿದರೆ ಅವರ ಜೊತೆ ಬಾಣಂತಿಯರ ಮನೆಗೆ ಹೋಗಿ ಬರಲಿ. ಕನ್ನಡ ಚೆನ್ನಾಗಿ ಬಂದರೆ ಇದೆಲ್ಲ ಸುಲಭ. ಬರದಿದ್ದರೆ ಹೊರಡುವ ಮುಂಚೆ ಮನೆಯಲ್ಲೇ ಆರು ತಿಂಗಳು ಕನ್ನಡ ಮಾತಾಡಿಸಿ.

ಮನೆ ಮನೆ ಸರ್ವೆ ಮಾಡಿ ರಿಸರ್ಚ್ ಅಂತ ಬರೆಯುವ ಆಸೆ ಇದ್ದರೆ ಹುಷಾರು. ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದವರಿಗೂ ರಿಸರ್ಚ್ ಮಾಡಲು ವಿಶೇಷ ಅನುಮತಿ ಬೇಕು ಅಂತ ಕೇಂದ್ರ ಗೃಹ ಸಚಿವಾಲಯದ 2021ರ ಅಧಿಸೂಚನೆ ಹೇಳುತ್ತದೆ. ಸುಮ್ನೆ ನೋಡಿ ಕಲಿಯುವುದಕ್ಕೂ ಆಸ್ಪತ್ರೆಯಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಇಷ್ಟಾದರೂ ಊರಿನ ಎರಡು ತಿಂಗಳು ಅರ್ಜಿಯ 15 ಚಟುವಟಿಕೆಗಳಲ್ಲಿ ಒಂದು, ಅಷ್ಟೇ. ಒಂದೊಂದಕ್ಕೆ ಸಿಗುವುದು 700 ಅಕ್ಷರ. ಅಮೆರಿಕದಲ್ಲಿ ಮಾಡುವ ಕೆಲಸದ ಬದಲಿಗೆ ಇದು ಆಗುವುದಿಲ್ಲ, ಅದರ ಜೊತೆಗೆ ಇರಬೇಕು. ಪ್ರತಿ ಚಟುವಟಿಕೆಗೂ ವಿಚಾರಿಸಲು ಒಬ್ಬರ ಹೆಸರು, ಫೋನ್ ಅಥವಾ ಇಮೇಲ್ ಕೇಳುತ್ತಾರೆ. ಆ ಜಾಗದಲ್ಲಿ ಚಿಕ್ಕಪ್ಪನ ಹೆಸರು ಬೇಡ. ಸಂಬಂಧಿಕರಲ್ಲದ, ಇಂಗ್ಲಿಷ್‌ನಲ್ಲಿ ಉತ್ತರ ಬರೆಯಬಲ್ಲ ಡಾಕ್ಟರೊಬ್ಬರನ್ನು ಊರಿನಿಂದ ಹೊರಡುವ ಮುಂಚೆಯೇ ಕೇಳಿ ಒಪ್ಪಿಸಿಕೊಳ್ಳಿ. ಯಾವ ದಿನ ಎಷ್ಟು ಗಂಟೆ ಇದ್ದಳು ಅನ್ನುವ ಪಟ್ಟಿಗೂ ಅವರ ಸಹಿ ಹಾಕಿಸಿಕೊಳ್ಳಿ.