ಜೈಲು ಡ್ಯೂಟಿಯ ದಣಿವು ನಿದ್ದೆ ಮಾಡಿದರೂ ಹೋಗದಿದ್ದಾಗ

ಜೈಲಿನ ಮಹಿಳಾ ವಿಭಾಗಕ್ಕೆ ವೀಕ್ಷಕಿಯಾಗಿ, ಅಂದರೆ ಬಂದಿಗಳನ್ನು ಕಾಯುವ ವಾರ್ಡರ್ ಆಗಿ ಸೇರಿ, ಮುಖ್ಯ ವೀಕ್ಷಕಿಯಾಗಿ ನಿವೃತ್ತಳಾದವಳು ನಾನು. ಈಗ ಡ್ಯೂಟಿಯಲ್ಲಿರುವ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಎಂಥ ದಣಿವು ಅಂತ ಗುರುತಿಸಿ. ನೈಟ್ ಡ್ಯೂಟಿಯ ಸುಸ್ತು ಒಂದು ಒಳ್ಳೆ ನಿದ್ದೆಗೆ ಹೋಗುತ್ತದೆ. ಇದು ಹೋಗುವುದಿಲ್ಲ. ರಜೆ ಮುಗಿಸಿ ಬಂದ ದಿನವೇ ಗೇಟಿನ ಹತ್ತಿರ ಹೊಟ್ಟೆ ಹಿಂಡುತ್ತದೆ. ವಿಚಾರಣಾ ಬಂದಿಯೊಬ್ಬಳು "ಅಕ್ಕಾ, ನನ್ನ ಕೋರ್ಟ್ ಡೇಟ್ ಯಾವಾಗ?" ಅಂದರೆ ಮುಖವನ್ನೂ ನೋಡದೆ "ಆಮೇಲೆ" ಅನ್ನುತ್ತೀರಿ. ಯಾರಾದರೂ ಅತ್ತರೆ ನಾಟಕ ಅನ್ನಿಸುತ್ತದೆ. ಮನೆಯಲ್ಲಿ ಮಕ್ಕಳ ಮೇಲೂ ಬ್ಯಾರಕ್ಕಿನ ದನಿಯೇ ಬರುತ್ತದೆ.

ಇದಕ್ಕೆ ನಾಚಿಕೊಳ್ಳಬೇಡಿ. 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು. ನಿಮ್ಮ ಜೈಲಿನ ಬಂದಿಗಳ ಸಂಖ್ಯೆಯನ್ನು ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೋಡಿ. ಎಷ್ಟು ಜನರ ಭಾರ ಹೊತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ನಿದ್ದೆಯಿಂದ ಶುರು ಮಾಡಿ. ರಾತ್ರಿ ಪಾಳಿಯ ಕೊನೆಯ ಗಂಟೆಗಳಲ್ಲಿ ಟೀ ಬೇಡ. ಮನೆಗೆ ಬಂದ ತಕ್ಷಣ ಸ್ವಲ್ಪ ಏನಾದರೂ ತಿಂದು, ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಿ. ನಮ್ಮಲ್ಲಿ ಹೆಚ್ಚಿನವರು ಬಂದವರೇ ಪಾತ್ರೆ, ಬಟ್ಟೆ, ಅಡುಗೆಗೆ ನಿಲ್ಲುತ್ತಾರೆ. ಗಂಡಸರು ಅದೇ ಡ್ಯೂಟಿ ಮುಗಿಸಿ ಮಲಗುತ್ತಾರೆ, ಅಲ್ವಾ? ಈ ಮಾತನ್ನು ಮನೆಯಲ್ಲಿ ಕೂತು ಒಮ್ಮೆ ಸ್ಪಷ್ಟವಾಗಿ ಆಡಿ. ನೈಟ್ ಡ್ಯೂಟಿ ಇದ್ದ ದಿನ ಬೆಳಗಿನ ಕೆಲಸ ನಿಮ್ಮದಲ್ಲ.

ಕ್ವಾರ್ಟರ್ಸ್‌ನಲ್ಲಿದ್ದರೆ ಕಷ್ಟ ಜಾಸ್ತಿ. ಬಾಗಿಲು ತೆರೆದರೆ ಜೈಲಿನ ಗೋಡೆ, ಪಕ್ಕದ ಮನೆಯಲ್ಲೂ ಅದೇ ಮಾತು. ಆದ್ದರಿಂದ ಇಲಾಖೆಯ ಹೊರಗೆ ಒಂದಾದರೂ ಸ್ನೇಹ ಇಟ್ಟುಕೊಳ್ಳಿ. ಭಜನೆ ಮಂಡಳಿಯೋ, ಹೊಲಿಗೆ ಕ್ಲಾಸೋ, ಯಾವುದಾದರೂ ಸರಿ.

ಮಹಿಳಾ ವಿಭಾಗದಲ್ಲಿ ಒಂದು ನೋವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಪ್ರೀಂ ಕೋರ್ಟಿನ 2006ರ ತೀರ್ಪಿನಂತೆ ಮಕ್ಕಳು ಆರು ವರ್ಷದವರೆಗೆ ತಾಯಿಯ ಜೊತೆ ಒಳಗೆ ಇರಬಹುದು. ಆ ಮಗು ನಮ್ಮ ಕಣ್ಣೆದುರೇ ನಡೆಯಲು ಕಲಿಯುತ್ತದೆ, ನಮ್ಮ ಬೀಗದ ಕೈ ಹಿಡಿದು ಆಡುತ್ತದೆ. ವಯಸ್ಸು ತುಂಬಿದಾಗ ಅದನ್ನು ತಾಯಿಯ ಮಡಿಲಿಂದ ಬಿಡಿಸಿ ಕಳಿಸಲು ನಿಲ್ಲುವವರೂ ನಾವೇ. ಆ ದಿನ "ಡ್ಯೂಟಿ ಅಷ್ಟೇ" ಅಂತ ನುಂಗಿಕೊಂಡರೆ ಅದು ಒಳಗೇ ಉಳಿಯುತ್ತದೆ. ಮಗು ಹೋಗುವ ಸಂಗತಿ ಮುಂಚೆಯೇ ಗೊತ್ತಿರುತ್ತದೆ. ಆ ದಿನಕ್ಕೆ ಜೊತೆಗೊಬ್ಬ ಸಹೋದ್ಯೋಗಿಯನ್ನು ಕೇಳಿ ಹಾಕಿಸಿಕೊಳ್ಳಿ. ಪಾಳಿ ಮುಗಿದ ಮೇಲೆ ಇಬ್ಬರೂ ಕೂತು ಆ ಮಗುವಿನ ಬಗ್ಗೆ ಮಾತಾಡಿ. ಅಳು ಬಂದರೆ ಅತ್ತುಬಿಡಿ.

ಬಂದಿ ತೀರಿಹೋದರೆ ಇನ್ನೂ ಕಷ್ಟ. 24 ಗಂಟೆಯೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯುತ್ತದೆ. ದುಃಖಕ್ಕಿಂತ ಮುಂಚೆ ಭಯವೇ ಬರುತ್ತದೆ. ನೀವು ಕಂಡದ್ದನ್ನು, ಮಾಡಿದ್ದನ್ನು, ಸಮಯದ ಸಮೇತ ಅಂದೇ ಬರೆದಿಡಿ. ನೆನಪು ಕೆದಕುತ್ತಾ ರಾತ್ರಿಗಳನ್ನು ಕಳೆಯುವುದು ಅದರಿಂದ ಕಡಿಮೆಯಾಗುತ್ತದೆ. ಒಂದಷ್ಟು ದಿನ ಅದೇ ಸೆಲ್ಲಿನ ಕಡೆ ಡ್ಯೂಟಿ ಬೇಡ ಅಂತ ಕೇಳಿ.

ನಿದ್ದೆ ಇಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ಡಾಕ್ಟರನ್ನು ಕಾಣಿ. ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲಾಖೆಗೆ ಗೊತ್ತಾದರೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆ, ಅಂದರೆ ಅರ್ಧ ಸಂಬಳದ ರಜೆಯನ್ನು ಪೂರ್ತಿ ಸಂಬಳದ ರಜೆಯಾಗಿ ಮಾಡಿಸಿಕೊಳ್ಳುವುದನ್ನು ಕೇಳಬಹುದು.

ಡ್ಯೂಟಿ ಹಾಕುವ ಮುಖ್ಯ ವೀಕ್ಷಕರಿಗೂ ಒಂದು ಮಾತು. ಗಟ್ಟಿಗಿತ್ತಿ ಅಂತ ಒಬ್ಬಳನ್ನೇ ಸದಾ ಕಷ್ಟದ ಬ್ಯಾರಕ್ಕಿಗೆ ಹಾಕಬೇಡಿ. ಗೇಟ್, ಬಂದಿಗಳನ್ನು ನೋಡಲು ಮನೆಯವರು ಬರುವ ಸಂದರ್ಶನ, ಆಸ್ಪತ್ರೆ ಅಂತ ಬದಲಾಯಿಸುತ್ತಿರಿ. ಅವರು ಬದಲಾಯಿಸದಿದ್ದರೆ, ತಂಗಿ, ಬಾಯಿಮಾತಲ್ಲಿ ಕೇಳಿ ಸುಮ್ನೆ ಕೂರಬೇಡಿ. ಅರ್ಜಿ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದ ಸಹಿ, ತಾರೀಖು ಹಾಕಿಸಿಕೊಳ್ಳಿ.