ಕರಾಟೆ, ಜೂಡೊ ಕಲಿತವರು ಗರಡಿಗೆ ಇಳಿಯುವಾಗ

ಬೇರೆ ಕಲೆ ಕಲಿತು ಮೈಸೂರಿನ ಗರಡಿ ಸೇರುವವರಿಗೆ ಮೊದಲು ಕೈಕೊಡುವುದು ತಾಕತ್ತಲ್ಲ, ಹಳೆಯ ಅಭ್ಯಾಸ. ನಾಡಕುಸ್ತಿಯ ಲೆಕ್ಕ ಸರಳ: ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಏಟಿಲ್ಲ, ಒದೆಯಿಲ್ಲ.

ದಸರಾಕ್ಕೆ ಮುಂಚಿನ ಒಂದೆರಡು ತಿಂಗಳಲ್ಲಿ ಸೇರಬೇಡಿ. ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಳ್ಳುವವರ (ಎದುರಾಳಿ ಗೊತ್ತುಮಾಡಿಸಿಕೊಳ್ಳುವವರ) ತಾಲೀಮು ಜೋರಾಗಿರುವ ಕಾಲ ಅದು, ಹೊಸಬರಿಗೆ ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ವಿಜಯದಶಮಿ ಕಳೆದ ಮೇಲೆ ಒಂದು ಬೆಳಗ್ಗೆ ಹೋಗಿ ಗರಡಿಯ ಗುರು ಉಸ್ತಾದರನ್ನು ಕಾಣಿ. ಏನು ಕಲಿತಿದ್ದೀರಿ, ಎಷ್ಟು ವರ್ಷ, ಮೊಣಕಾಲು, ಭುಜ, ಕತ್ತಿಗೆ ಹಿಂದೆ ಪೆಟ್ಟಾಗಿದೆಯೇ, ಇಷ್ಟು ಹೇಳಿದರೆ ಸಾಕು. ಬೆಲ್ಟಿನ ಬಣ್ಣ ಯಾರೂ ಕೇಳುವುದಿಲ್ಲ. ಅರಮನೆ ಅಂಗಳದಲ್ಲಿ ನೋಡಿದ, ಕೈಗೆ ಮೊನಚು ಆಯುಧ ತೊಟ್ಟು ಕಾದುವ ವಜ್ರಮುಷ್ಟಿ ಕಾಳಗ ಕಲಿಯಬೇಕೆಂಬ ಆಸೆ ಇದ್ದರೆ ಅದನ್ನು ಬಿಡಿ. ಅದು ಜಟ್ಟಿ ಮನೆತನದವರದ್ದು.

ಲಂಗೋಟಿ, ಚಡ್ಡಿ, ಹಳೆಯ ಟವೆಲ್ ಸಾಕು. ಉಗುರು ಕತ್ತರಿಸಿ, ಉಂಗುರ, ಸರ, ಕೈದಾರ ಬಿಚ್ಚಿಡಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ. ಮೈಮೇಲೆ ಹಸಿ ಗಾಯ ಅಥವಾ ಹುಳುಕಡ್ಡಿ ಇದ್ದರೆ ವಾಸಿಯಾಗುವವರೆಗೆ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ, ಇಳಿಯಬೇಡಿ, ಜೊತೆಯವರಿಗೂ ಹರಡುತ್ತದೆ.

ಮೊದಲ ದಿನಗಳಲ್ಲಿ ಗುದ್ದಲಿ ಕೊಟ್ಟು ಮಟ್ಟಿ ಅಗೆಯಲು ಹೇಳಬಹುದು. ಬೇಸರಪಡಬೇಡಿ. ಎಣ್ಣೆ, ಅರಿಸಿನ ಬೆರೆಸಿದ ಕೆಮ್ಮಣ್ಣು ಗಟ್ಟಿಯಾದರೆ ಬಿದ್ದವನ ಭುಜ ಹೋಗುತ್ತದೆ. ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ ಸಮ ಮಾಡುವಷ್ಟರಲ್ಲಿ ಬೆನ್ನು, ಮುಂಗೈ, ಹಿಡಿತ ಮೂರಕ್ಕೂ ಸಾಮು ಆಗಿಹೋಗುತ್ತದೆ.

ದಂಡವನ್ನು ಪುಶ್‌ಅಪ್ ಎಂದುಕೊಳ್ಳುವುದು ಕರಾಟೆಯವರ ಸಾಮಾನ್ಯ ತಪ್ಪು. ಮೈಯನ್ನು ಹಲಗೆಯಂತೆ ಹಿಡಿಯಬಾರದು. ಸೊಂಟ ಮೇಲೆತ್ತಿ, ಎದೆ ನೆಲ ಸವರುವಂತೆ ಮುಂದಕ್ಕೆ ಜಾರಿ, ತಲೆ ಎತ್ತಿ, ಮತ್ತೆ ಹಿಂದಕ್ಕೆ ಬರಬೇಕು. ಮೊದಲ ವಾರ 20 ದಂಡ, 30 ಬಸ್ಕಿ, ಎರಡು ಸುತ್ತು. ವಾರಕ್ಕೆ ಹತ್ತರಂತೆ ಏರಿಸಿ. ಪಕ್ಕದಲ್ಲಿ ಒಬ್ಬ ಹುಡುಗ ಐನೂರು ಬಸ್ಕಿ ಹೊಡೆಯುತ್ತಿರುತ್ತಾನೆ, ಅವನನ್ನು ನೋಡಿ ಹೊಡೆದರೆ ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ.

ಇನ್ನು ಹಳೆಯ ಅಭ್ಯಾಸಗಳು. ಅತಿ ಹೆಚ್ಚು ಕಾಡುವುದು ಜೂಡೊದವರನ್ನು, ಅದೂ ಅವರಿಗೆ ಚೆನ್ನಾಗಿ ಬರುವ ವಿದ್ಯೆಯಿಂದಲೇ. ಬೀಳುವಾಗ ಬೆನ್ನು ಹರಡಿ ಕೈಯಿಂದ ನೆಲ ಬಡಿಯುವುದನ್ನು ಅವರು ವರ್ಷಗಟ್ಟಲೆ ಕಲಿತಿರುತ್ತಾರೆ. ಇಲ್ಲಿ ಹಾಗೆ ಬಿದ್ದರೆ ತಾವಾಗಿ ಚಿತ್ ಆದಂತೆ. ಬೀಳುವಾಗಲೇ ಮೈ ತಿರುಗಿಸಿ ಎದೆ ಕೆಳಗಾಗುವಂತೆ ಬೀಳಬೇಕು. ತಾನು ಮಲಗಿ ಎದುರಾಳಿಯನ್ನು ತಲೆಯ ಮೇಲಿಂದ ಎಸೆಯುವ ಪಟ್ಟುಗಳನ್ನು ಮರೆತುಬಿಡಿ, ಎಸೆಯುವ ಮುಂಚೆ ನಿಮ್ಮ ಬೆನ್ನೇ ಮಣ್ಣು ಮುಟ್ಟಿರುತ್ತದೆ. ಜಿಯು ಜಿತ್ಸುವಿನವರು ಬೆನ್ನ ಮೇಲೆ ಮಲಗಿ ಕಾಲಿನಿಂದ ತಡೆಯುವುದಕ್ಕೂ ಇದೇ ಗತಿ. ಅಂಗಿಯ ತೋಳು, ಕಾಲರ್ ಹಿಡಿದು ರೂಢಿಯಾದ ಬೆರಳುಗಳಿಗೆ ಇಲ್ಲಿ ಬೆವರಿದ ಮೈ ಮಾತ್ರ ಸಿಗುತ್ತದೆ. ಹಿಡಿತ ಮಣಿಕಟ್ಟು, ಕತ್ತು, ಕಂಕುಳು, ಸೊಂಟಕ್ಕೆ ಹೋಗಬೇಕು. ಕೈ ಜಾರುತ್ತಿದ್ದರೆ ಒಂದು ಹಿಡಿ ಮಣ್ಣು ಉಜ್ಜಿಕೊಳ್ಳಿ.

ಕರಾಟೆ, ಟೇಕ್ವಾಂಡೊದವರ ತೊಂದರೆ ನಿಲುವಿನದು. ಮೈ ನೆಟ್ಟಗಿರುತ್ತದೆ, ಒಂದು ಕಾಲು ಮುಂದೆ ಚಾಚಿರುತ್ತದೆ, ಎದುರಾಳಿ ಆ ಕಾಲನ್ನೇ ಎತ್ತುತ್ತಾನೆ. ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ತಲೆ ಎದುರಾಳಿಯ ಎದೆಮಟ್ಟಕ್ಕೆ ತನ್ನಿ. ಬಾಕ್ಸಿಂಗ್‌ನವರ ಕೈ ಗಲ್ಲದ ಹತ್ತಿರವೇ ಉಳಿದು ಕಾಲುಗಳಿಗೆ ಕಾವಲಿರುವುದಿಲ್ಲ. ಅಂತರ ಅಳೆಯುವ ಕಣ್ಣು ಮಾತ್ರ ಇವರಿಗೆಲ್ಲ ಇಲ್ಲೂ ಕೆಲಸಕ್ಕೆ ಬರುತ್ತದೆ.

ಮೊದಲ ತಿಂಗಳು ಒಂದು ಹಿಡಿತ, ಅದನ್ನು ಬಿಡಿಸಿಕೊಳ್ಳುವ ಬಗೆ, ಜೊತೆಗೆ ಎದೆ ಕೆಳಗಾಗಿ ಬೀಳುವುದು, ಇಷ್ಟಕ್ಕೇ ಅಂಟಿಕೊಳ್ಳಿ. ಎದುರಾಳಿಯನ್ನು ಎತ್ತಿ ಎಸೆಯುವ ಢಾಕ್, ಧೋಬಿಯಂಥ ಪಟ್ಟು ಆಮೇಲೆ. ತಲೆ, ಪಾದ ಊರಿ ಮೈ ಕಮಾನಿನಂತೆ ಎತ್ತುವ ಕತ್ತಿನ ಸೇತುವೆಗೂ ಅವಸರ ಬೇಡ. ಹಣೆ, ಎರಡು ಬದಿ, ಹಿಂದಲೆ, ಪ್ರತಿ ಕಡೆ ಅಂಗೈಯಿಂದ ಹತ್ತು ಸೆಕೆಂಡು ಒತ್ತಿ, ತಲೆ ಅಲುಗದಂತೆ ತಡೆಯಿರಿ. ಒಂದು ತಿಂಗಳು ಇದನ್ನು ಮಾಡಿದ ಮೇಲೆ ಉಸ್ತಾದರ ಎದುರಿನಲ್ಲೇ ಸೇತುವೆ ಕಟ್ಟಿ.

ಕುಸ್ತಿಯಾದ ಮೇಲೆ ಕಿವಿ ಊದಿ ಮೆತ್ತಗಾಗಿದ್ದರೆ ಒಳಗೆ ರಕ್ತ ಕಟ್ಟಿದೆ ಎಂದರ್ಥ. ಹಿಸುಕಬೇಡಿ, ಒಂದೆರಡು ದಿನದೊಳಗೆ ಕಿವಿ ಡಾಕ್ಟರಿಗೆ ತೋರಿಸಿ. ತಡವಾದರೆ ಆ ಗಂಟು ಹಾಗೇ ಗಟ್ಟಿಯಾಗಿ ಉಳಿದುಬಿಡುತ್ತದೆ.